ಎಷ್ಟು ಎಕ್ಸ್ ಎಂಬ ಪ್ರಶ್ನೆ

ಕ್ಯಾಮೆರಾ ಕೊಳ್ಳಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ಇಂದಿಗೂ ‘ಇದು ಎಷ್ಟು ಎಕ್ಸ್?’ ಎಂದೇ. ತಿಂಗಳುಗಟ್ಟಲೆ ವಿಮರ್ಶೆಗಳನ್ನು ಓದಿ, ಬೆಲೆಗಳನ್ನು ಬಾಯಿಪಾಠ ಮಾಡಿಕೊಂಡವರೂ ಕಡೆಗೆ ಈ ಒಂದು ಅಂಕಿಗೆ ಶರಣಾಗುವುದು ಈ ಹವ್ಯಾಸದ ಹಳೆಯ ಪೀಡೆ. ಎಕ್ಸ್ ಎಂಬುದು ಲೆನ್ಸಿನ ಅತಿ ದೊಡ್ಡ ಸಂಗಮದೂರವನ್ನು ಅತಿ ಚಿಕ್ಕ ಸಂಗಮದೂರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಹೊರತು ಪ್ರಾಣಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರ ಅಳತೆಯಲ್ಲ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900 ಕ್ಯಾಮೆರಾದ 83 ಎಕ್ಸ್ 2000 ಮಿ.ಮೀ.ಗೆ ಸಮ ಎಂದು ಹೇಳುತ್ತಾರಾದರೂ, ಅದರ ಲೆನ್ಸಿನ ನಿಜವಾದ ಸಂಗಮದೂರ 357 ಮಿ.ಮೀ. ಮಾತ್ರ, ಉಳಿದುದೆಲ್ಲ ಬೆಳಕನ್ನು ಹಿಡಿಯುವ ಸೆನ್ಸರ್ ಫಲಕವು ಕಿರುಬೆರಳಿನ ಉಗುರಿಗಿಂತ ಸಣ್ಣದಾಗಿರುವುದರಿಂದ ದಕ್ಕಿದ ಲೆಕ್ಕ.

2018ರಲ್ಲಿ ಬಂದ ಪಿ1000ದಲ್ಲಿ ಈ ಹಠ ಇನ್ನೂ ಮುಂದುವರಿದು 125 ಎಕ್ಸ್ ಆಯಿತು. ಅಷ್ಟು ದೂರಕ್ಕೆ ಚಾಚಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್8ಕ್ಕಿಂತ ಹೆಚ್ಚು ತೆರೆಯದು. ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದಕ್ಕೆ ವಿವರ್ತನೆ ಎನ್ನುತ್ತಾರೆ. ಎಫ್8ರಲ್ಲಿ ಒಂದು ಬೆಳಕಿನ ಬಿಂದು ಸುಮಾರು 10 ಮೈಕ್ರಾನ್ ಅಗಲದ ತಟ್ಟೆಯಾಗಿ ಬೀಳುತ್ತದೆ, ಆದರೆ ಈ ಕ್ಯಾಮೆರಾದ ಒಂದೊಂದು ಪಿಕ್ಸೆಲ್‌ನ ಅಗಲ 1.3 ಮೈಕ್ರಾನ್ ಮಾತ್ರ. ಒಂದು ಬಿಂದುವನ್ನು ಏಳೆಂಟು ಪಿಕ್ಸೆಲ್‌ಗಳ ಅಗಲಕ್ಕೆ ಹರಡಿ, ಅದನ್ನು 16 ಮೆಗಾಪಿಕ್ಸೆಲ್ ಎಂದು ಮಾರುವ ವ್ಯಾಪಾರಕ್ಕೆ ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಗಾದೆಯೇ ಸರಿ. ಹಗಲಿನ ಚಂದ್ರನನ್ನು ತೆರೆಯ ತುಂಬ ತೋರಿಸಿ ಗಿರಾಕಿಯನ್ನು ಬೆರಗುಗೊಳಿಸುವ ಮಾರಾಟಗಾರನಿಗೆ ಈ ಲೆಕ್ಕ ಗೊತ್ತಿಲ್ಲವೆಂದು ನಂಬುವುದು ಕಷ್ಟ.

ದೂರವನ್ನು ಗೆಲ್ಲಲು ಮತ್ತೊಂದು ಅಡ್ಡಿಯೂ ಇದೆ. ಅದು ಕ್ಯಾಮೆರಾದ ಹೊರಗಿದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವು ಬಯಲು ಹುಲ್ಲುಗಾವಲಾದುದರಿಂದ, ಹೊತ್ತೇರುತ್ತಿದ್ದಂತೆ ನೆಲ ಕಾದು, ಅದಕ್ಕೆ ತಾಗಿದ ಗಾಳಿಯ ಪದರಗಳು ಒಂದೊಂದು ಸಾಂದ್ರತೆಯವಾಗಿ ಬೆಳಕನ್ನು ಅತ್ತಿತ್ತ ಬಾಗಿಸತೊಡಗುತ್ತವೆ. ಬಿಸಿಲುಗುದುರೆಯನ್ನು ಕಾಣಿಸುವ ಈ ಕಂಪನವೇ ದೂರದ ಗಂಡುಮೃಗದ ತಿರುಚಿದ ಕೊಂಬನ್ನು ನೀರಿನಲ್ಲಿ ಅದ್ದಿದಂತೆ ಅಲುಗಿಸುತ್ತದೆ. ಇದನ್ನು ನಿಲ್ಲಿಸುವ ಲೆನ್ಸ್ ಯಾವ ಬೆಲೆಗೂ ಸಿಗುವುದಿಲ್ಲ; ಜೂಮ್ ಹೆಚ್ಚಿದಷ್ಟೂ ಕಂಪನವೇ ದೊಡ್ಡದಾಗಿ ಕಾಣುತ್ತದೆ. ಬೆಳಗಿನ ಏಳು ಗಂಟೆಗೆ ಸಾಧಾರಣ ಲೆನ್ಸ್ ತೆಗೆಯುವ ಚಿತ್ರವನ್ನು ಹನ್ನೊಂದು ಗಂಟೆಗೆ ಲಕ್ಷಗಟ್ಟಲೆ ಬೆಲೆಯ ಲೆನ್ಸ್ ತೆಗೆಯಲಾರದು.

ಆದುದರಿಂದ ಕ್ಯಾಮೆರಾವನ್ನು ಆರಿಸುವ ಸರಿಯಾದ ವಿಧಾನವು ಅಂಗಡಿಯಲ್ಲಲ್ಲ, ಕಾಗದದ ಮೇಲಿನ ಒಂದು ಗುಣಾಕಾರ ಭಾಗಾಕಾರದಲ್ಲಿದೆ: ಪ್ರಾಣಿಯ ಎತ್ತರವನ್ನು ಸಂಗಮದೂರದಿಂದ ಗುಣಿಸಿ, ಪ್ರಾಣಿ ನಿಂತಿರುವ ದೂರದಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬೀಳುವ ಬಿಂಬದ ಎತ್ತರ ಸಿಗುತ್ತದೆ. ಭುಜದವರೆಗೆ 80 ಸೆಂ.ಮೀ. ಎತ್ತರದ ಕೃಷ್ಣಮೃಗ 100 ಮೀಟರ್ ದೂರದಲ್ಲಿದ್ದರೆ 500 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 4 ಮಿ.ಮೀ. ಆಗಿ, ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ ಸುಮಾರು 15.6 ಮಿ.ಮೀ. ಎತ್ತರದಲ್ಲಿ ಕಾಲುಭಾಗ ತುಂಬುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋದರೆ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಊರಿನ ಹುಣಸೆಮರಗಳ ಮೇಲೆಯೇ ಗೂಡು ಕಟ್ಟುವುದರಿಂದ, 25 ಮೀಟರ್ ಅಂತರದಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದ ಹಕ್ಕಿಗೆ 200 ಮಿ.ಮೀ. ಲೆನ್ಸೇ 8 ಮಿ.ಮೀ. ಬಿಂಬವನ್ನು ಕೊಟ್ಟು ಚೌಕಟ್ಟಿನ ಅರ್ಧವನ್ನು ತುಂಬುತ್ತದೆ. ನೆತ್ತಿಯ ಬಿಸಿಲಿನಲ್ಲಿ ತಾಯಿಹಕ್ಕಿ ಗೂಡಿನ ಅಂಚಿನಲ್ಲಿ ನಿಂತು, ಎರಡೂ ರೆಕ್ಕೆಗಳನ್ನು ಅರೆಬಿಚ್ಚಿ ಮರಿಗಳಿಗೆ ನೆರಳು ಹಿಡಿಯುವ ದೃಶ್ಯಕ್ಕೆ 83 ಎಕ್ಸ್ ಏತಕ್ಕೆ?

ಈಗಾಗಲೇ ಜೂಮ್ ಕ್ಯಾಮೆರಾ ಇರುವವರು ತಮ್ಮ ಹಳೆಯ ಚಿತ್ರಗಳ ಜೊತೆಗೇ ದಾಖಲಾಗಿರುವ ಸಂಗಮದೂರವನ್ನು ಎಣಿಸಿ ನೋಡುವುದು ಇನ್ನೂ ಒಳ್ಳೆಯದು. ಹೆಚ್ಚಿನವರಿಗೆ ತಾವು ಕನಸಿದ ಲೆನ್ಸಿಗೂ ಬಳಸಿದ ಲೆನ್ಸಿಗೂ ಸಂಬಂಧವಿಲ್ಲವೆಂಬುದು ಅಲ್ಲೇ ತಿಳಿಯುತ್ತದೆ. ಅಂಗಡಿಗೆ ಹೋಗುವಾಗ ಸ್ವಂತ ಮೆಮೊರಿ ಕಾರ್ಡ್ ಒಯ್ದು, ಬೀದಿಯ ಆಚೆ ತುದಿಯ ಬೋರ್ಡನ್ನು ಪರೀಕ್ಷಿಸಬೇಕಾದ ಎಲ್ಲ ಕ್ಯಾಮೆರಾಗಳಲ್ಲೂ ತೆಗೆದು, ಮನೆಯ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುವುದಕ್ಕೆ ಸಮನಾದ ವಿಮರ್ಶೆ ಇನ್ನೊಂದಿಲ್ಲ. ತೂಕವನ್ನೂ ಕೈಯಲ್ಲೇ ನೋಡಬೇಕು: 2.3 ಕಿಲೋ ತೂಗುವ 200–500 ಮಿ.ಮೀ. ಲೆನ್ಸನ್ನು ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಹೊತ್ತವರು ಎರಡನೆಯ ಸಲ ಹೊರುವುದಿಲ್ಲ. ಕೊರಟಗೆರೆಯ ಸಿದ್ಧರಬೆಟ್ಟದ ಗಿಡಮೂಲಿಕೆಗಳಿಗೆ ಸಮೀಪದರ್ಶನದ ಮ್ಯಾಕ್ರೊ ಲೆನ್ಸ್ ಸಾಕು. ಪಾವಗಡದ ತಿರುಮಣಿಯ ಸೌರಫಲಕಗಳ ವಿಸ್ತಾರಕ್ಕೆ ಅಗಲ ನೋಟದ ಲೆನ್ಸೇ ಬೇಕು.

ಇಷ್ಟಾದರೂ ದೂರವನ್ನು ಹಣದಿಂದ ಗೆಲ್ಲಲಾಗದವರು ಕಾಲಿನಿಂದ, ಇನ್ನೂ ಕೆಟ್ಟದಾಗಿ ಚಕ್ರದಿಂದ ಗೆಲ್ಲಹೊರಡುತ್ತಾರೆ. ನೆಗೆಯುವ ಮೃಗದ ಚಿತ್ರಕ್ಕಾಗಿ ಹುಲ್ಲಿನ ಮೇಲೆ ಗಾಡಿ ನುಗ್ಗಿಸುವುದನ್ನೂ, ಹಾರುವ ಕೊಕ್ಕರೆಯ ಚಿತ್ರಕ್ಕಾಗಿ ಮರದಡಿ ಚಪ್ಪಾಳೆ ತಟ್ಟುವುದನ್ನೂ ಹವ್ಯಾಸವೆಂದು ಕರೆಯಲಾಗದು. ಹಕ್ಕಿ ಎದ್ದ ಗೂಡಿನಲ್ಲಿ ಮರಿಗಳು ಬಿಸಿಲಿಗೆ ಬೇಯುತ್ತವೆ. ಕೃಷ್ಣಮೃಗವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿ. ಅದನ್ನು ಓಡಿಸುವವನ ಕೈಯಲ್ಲಿ ಇರುವುದು ಕೋವಿಯಲ್ಲ, ಕ್ಯಾಮೆರಾ ಎಂಬುದು ನೆಪವಾಗದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಚಿತ್ರ ತೆಗೆಯಬಯಸುವವರಿಗೆ ಸರಿಯಾದ ಬಿಲ್ಲಿನೊಂದಿಗೆ ಕೊಂಡ, ಬಳಸಿದ್ದೇ ಆದರೂ ಸುಸ್ಥಿತಿಯಲ್ಲಿರುವ ಒಂದು ಎಪಿಎಸ್-ಸಿ ಕ್ಯಾಮೆರಾ ಮತ್ತು 70–300 ಮಿ.ಮೀ. ಲೆನ್ಸ್ ಸಾಕು. ಉಳಿದ ಹಣವನ್ನು ಮೈದನಹಳ್ಳಿಗೆ ಬೆಳಗಾಗುವ ಮುಂಚೆ ತಲುಪಲು ಬೇಕಾದ ಪೆಟ್ರೋಲಿಗೆ ಇಟ್ಟುಕೊಳ್ಳಲಿ.