ಅತಿಥಿ ಬಿಟ್ಟುಹೋದ ಟ್ರಂಕು

ಅಚೌರ್ಯಾಣುವ್ರತವನ್ನು ನಿರೂಪಿಸುವಾಗ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರರ ಸ್ವತ್ತಿಗೆ ಮೂರು ಅವಸ್ಥೆಗಳನ್ನು ಹೇಳುತ್ತಾರೆ: ಇರಿಸಿದ್ದು, ಬಿದ್ದದ್ದು, ಮರೆತದ್ದು. ಒಡೆಯನು ತಾನಾಗಿ ಬಿಟ್ಟುಕೊಡದಿರುವಾಗ ಇಂಥ ವಸ್ತುವನ್ನು ತಾನು ತೆಗೆದುಕೊಳ್ಳದಿರುವುದು ಮತ್ತು ಇನ್ನೊಬ್ಬರಿಗೆ ಕೊಡದಿರುವುದು, ಇವೆರಡೂ ಸೇರಿದರೆ ಗೃಹಸ್ಥನ ಅಚೌರ್ಯ. ತರಗತಿಗಳಲ್ಲಿ ಈ ಶ್ಲೋಕದ ಮೊದಲ ಕ್ರಿಯಾಪದ ಚರ್ಚೆಗೆ ಬರುತ್ತದೆ, ಎರಡನೆಯದನ್ನು ಬಹುಮಟ್ಟಿಗೆ ದಾಟಿಬಿಡಲಾಗುತ್ತದೆ. ತೆಗೆದುಕೊಳ್ಳುವುದು ಕಳವೆಂದು ಎಲ್ಲರೂ ಒಪ್ಪುತ್ತಾರೆ. ಕೊಡುವುದು ಹೇಗೆ ಕಳವಾದೀತು? ಈ ಪ್ರಶ್ನೆಗೆ ಉತ್ತರ ಬೇಕೆನಿಸುವುದು ಗ್ರಂಥಾಲಯದಲ್ಲಿ ಅಲ್ಲ, ಮನೆಯ ಅಟ್ಟದ ಮೇಲೆ ಯಾರದೋ ಗಂಟು ಉಳಿದುಕೊಂಡಾಗ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸೀಮೆ ಬಂದವರ ಸೀಮೆ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ದಾಂಡೇಲಿಗೆ ಹತ್ತೂರಿನ ಜನರನ್ನು ಕರೆತಂದಿತು. ಕಾಳಿ ಜಲವಿದ್ಯುತ್ ಯೋಜನೆ ಅಂಬಿಕಾನಗರ, ಗಣೇಶಗುಡಿಗಳಲ್ಲಿ ವಸಾಹತುಗಳನ್ನು ಎಬ್ಬಿಸಿತು. ಅದೇ ಯೋಜನೆಯ ಜಲಾಶಯದಲ್ಲಿ ಸೂಪಾ ಊರು ಮುಳುಗಿ, ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಮುಂಡಗೋಡದ ಬಳಿ 1966ರಿಂದ ಟಿಬೆಟಿಯನ್ನರು ನೆಲೆಸಿದ್ದಾರೆ. ಇಲ್ಲಿನ ಮನೆಗಳಿಗೆ ಕೆಲಸ ಹುಡುಕಿಕೊಂಡು ಬಂದ ನೆಂಟರು, ನೆಂಟರ ನೆಂಟರು ಹೊಸಬರಲ್ಲ. ಈಗ ಕಾಳಿಯ ನೀರಾಟಕ್ಕೆ ಬರುವ ಪ್ರವಾಸಿಗಳೂ ಹೋಮ್‌ಸ್ಟೇಗಳಲ್ಲಿ ಚಾರ್ಜರು, ಟವೆಲು, ಕನ್ನಡಕಗಳನ್ನು ಮರೆತು ಹೋಗುತ್ತಾರೆ. ಆದರೆ ಅವರ ವಿಳಾಸ ಪುಸ್ತಕದಲ್ಲಿರುತ್ತದೆ; ಒಂದು ಕೊರಿಯರಿನಿಂದ ವ್ಯವಹಾರ ಮುಗಿಯುತ್ತದೆ. ಮುಗಿಯದಿರುವುದು ನೆಂಟನದು.

ದಾಂಡೇಲಿಯ ಬಾಡಿಗೆ ಫ್ಲ್ಯಾಟೊಂದರಲ್ಲಿ ನಿವೃತ್ತ ದಂಪತಿಗಳಿದ್ದರು. ಹೆಂಡತಿಯ ತವರಿನ ಕಡೆಯ ದೂರದ ಹುಡುಗನೊಬ್ಬ ಗುತ್ತಿಗೆ ಕೆಲಸಕ್ಕೆಂದು ಬಂದು ನಾಲ್ಕು ತಿಂಗಳು ಅವರ ಮನೆಯಲ್ಲಿದ್ದ. ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಒಂದು ಸಂಜೆ ಅವಸರದಲ್ಲಿ ಹೊರಟ. ಬಟ್ಟೆ ತುಂಬಿದ ಒಂದು ಬ್ಯಾಗು, ಬೀಗ ಹಾಕಿದ ಸಣ್ಣ ತಗಡಿನ ಟ್ರಂಕು ಉಳಿದವು. ‘ಮುಂದಿನ ವಾರ ಬಂದು ಒಯ್ತೀನಿ ಚಿಗವ್ವ’ ಎಂದಿದ್ದ. ಎರಡು ಮಳೆಗಾಲ ಕಳೆದವು. ಅವನ ಫೋನ್ ಸಂಖ್ಯೆ ಬಳಕೆಯಲ್ಲಿರಲಿಲ್ಲ. ಅವನ ತಂದೆತಾಯಿಗಳೂ ಊರು ಬಿಟ್ಟಿದ್ದರು. ಅಷ್ಟರಲ್ಲಿ ದಂಪತಿಗಳು ಮನೆ ಖಾಲಿ ಮಾಡಿ ಧಾರವಾಡದ ಮಗನ ಮನೆಗೆ ಹೊರಡುವ ದಿನ ಬಂತು.

‘ರೀ, ಇವನ್ನ ಕಟಿಗೊಂಡು ಏನ್ ಮಾಡೋದೈತಿ? ಅಂಗಿ ಎಲ್ಲಾ ಛಲೋ ಅದಾವ. ಯಾರರ ಬಡವರ ಹುಡುಗರಿಗೆ ಕೊಟ್ರ ಪುಣ್ಯಾನರ ಬರತೈತಿ’ ಎಂದರು ಹೆಂಡತಿ.

‘ಬಂದ್ರ ಅವಗ ಬರಬೇಕು. ನಮಗ ಹೆಂಗ ಬರತೈತಿ?’

ಗಂಡನ ಈ ಮರುಪ್ರಶ್ನೆಯಲ್ಲಿ ಸಮಂತಭದ್ರರ ಎರಡನೆಯ ಕ್ರಿಯಾಪದಕ್ಕೆ ಸಿಗಬಹುದಾದ ಅತ್ಯುತ್ತಮ ವ್ಯಾಖ್ಯಾನವಿದೆ. ದಾನಕ್ಕೆ ಸ್ವತ್ವ ಬೇಕು. ತನ್ನದಲ್ಲದ್ದನ್ನು ಕೊಟ್ಟವನು ಎರಡು ವಸ್ತುಗಳನ್ನು ಎತ್ತಿಕೊಂಡಂತಾಗುತ್ತದೆ: ಒಂದು ಅಂಗಿ, ಇನ್ನೊಂದು ಆ ಅಂಗಿಯನ್ನು ಕೊಡುವ ಅಧಿಕಾರ. ಮೊದಲನೆಯದು ಬಡವನಿಗೆ ಹೋಯಿತು. ಎರಡನೆಯದು ಕೊಟ್ಟವನ ಬಳಿಯೇ ಉಳಿಯಿತು. ತಾನು ಉಟ್ಟುಕೊಂಡವನಿಗೆ ನಾಚಿಕೆಯಾದರೂ ಇರುತ್ತದೆ. ಹಂಚಿದವನಿಗೆ ಹೊಗಳಿಕೆ ಸಿಗುತ್ತದೆ. ಹೀಗಾಗಿಯೇ ಕೊಡುವವನನ್ನೂ ತೆಗೆದುಕೊಳ್ಳುವವನ ಪಕ್ಕದಲ್ಲಿ ನಿಲ್ಲಿಸಬೇಕಾಗಿ ಬಂದಿರಬೇಕು. ಮೂರು ಅವಸ್ಥೆಗಳ ನಡುವಿನ ಗೆರೆಯೂ ಇಲ್ಲಿ ಸೂಕ್ಷ್ಮವಾದುದು. ಹುಡುಗ ಹೊರಟ ಸಂಜೆ ಆ ಟ್ರಂಕು ‘ಇರಿಸಿದ್ದು’; ಎರಡು ವರ್ಷಗಳ ಮೇಲೆ ‘ಮರೆತದ್ದು’. ಯಾವ ದಿನ ಅದು ಗೆರೆ ದಾಟಿತೆಂದು ಯಾರೂ ಹೇಳಲಾರರು. ಆದರೆ ‘ಬಿಟ್ಟುಕೊಟ್ಟದ್ದು’ ಎಂದು ಅದು ಒಂದು ದಿನವೂ ಆಗಲಿಲ್ಲ.

ಬೀಗ ಒಡೆದು ನೋಡಬಹುದೆ? ವಿಳಾಸದ ಸುಳಿವು ಒಳಗಿರಬಹುದೆಂಬ ಸಕಾರಣವೂ ಇದೆ. ಯಾಜ್ಞವಲ್ಕ್ಯಸ್ಮೃತಿ ಇದಕ್ಕೆ ಒಂದು ಬೇರೆ ಹೆಸರನ್ನೇ ಇಟ್ಟಿದೆ. ಪಾತ್ರೆಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು, ಒಳಗೇನಿದೆಯೆಂದು ಹೇಳದೆ ಒಪ್ಪಿಸಿದ್ದು ಉಪನಿಧಿ. ಅದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ಎಣಿಸಿ ಕೊಟ್ಟದ್ದು ನಿಕ್ಷೇಪ. ರಾಜನಿಂದ, ದೈವದಿಂದ, ಕಳ್ಳರಿಂದ ಉಪನಿಧಿ ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ತನ್ನಿಚ್ಛೆಯಂತೆ ಬಳಸಿಕೊಂಡರೆ ದಂಡವುಂಟು, ಬಡ್ಡಿಯೂ ಉಂಟು. ಆ ಸ್ಮೃತಿಗೆ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಕನ್ನಡದ ನೆಲದಲ್ಲಿ, ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ನಮ್ಮ ನ್ಯಾಯಚಿಂತನೆಯ ಚರಿತ್ರೆ ಬ್ರಿಟಿಷರ ಅಧಿನಿಯಮಗಳಿಂದ ಆರಂಭವಾಗುವುದಿಲ್ಲ. ದಾಂಡೇಲಿಯ ಆ ಮನೆಯಲ್ಲಿ ಬ್ಯಾಗು ನಿಕ್ಷೇಪಕ್ಕೆ ಹತ್ತಿರ, ಟ್ರಂಕು ಉಪನಿಧಿ. ಬ್ಯಾಗನ್ನು ಬಿಚ್ಚಿ ಎಣಿಸಬಹುದು, ಬೂಷ್ಟು ಹಿಡಿದ ಅಂಗಿಗಳನ್ನು ಒಗೆದು ಒಣಗಿಸಬಹುದು. ಟ್ರಂಕಿನ ಬೀಗ ಮಾತ್ರ ಬೀಗವಾಗಿಯೇ ಇರಬೇಕು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ನ್ಯಾಸಾಪಹಾರ’ ಎಂಬ ದೋಷ ಬರುತ್ತದೆ: ಒತ್ತೆಯಿಟ್ಟದ್ದನ್ನಲ್ಲ, ನಂಬಿ ಇಟ್ಟದ್ದನ್ನು ಅಪಹರಿಸುವುದು. ಅದನ್ನು ಕಳವಿನ ಅತಿಚಾರಗಳಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ. ಅದಿರುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ. ಕಾರಣ ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಕೊಡುವ ವಿವರಣೆಯಿಂದ ತಿಳಿಯುತ್ತದೆ. ಇಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಅಪರಾಧ ನಡೆದದ್ದು ಕೈಯಿಂದಲ್ಲ, ನಾಲಗೆಯಿಂದ. ಎಣಿಕೆಯ ಪಟ್ಟಿ ಏಕೆ ಬೇಕು ಎಂಬುದಕ್ಕೂ ಇದೇ ಸಮಾಧಾನ: ಮರೆಯುವುದು ಒಡೆಯನ ಹಕ್ಕು, ನೆನಪಿಡುವುದು ಇಟ್ಟುಕೊಂಡವನ ಪಾಲಿಗೆ ಬಂದದ್ದು.

ಅಸತ್ಯಕ್ಕೆ ದೃಷ್ಟಾಂತವಾಗಿ ಶ್ರಾವಕಾಚಾರದಲ್ಲಿ ಹೆಸರಿಸಲ್ಪಟ್ಟ ಸತ್ಯಘೋಷನ ಕಥೆಯೂ ನ್ಯಾಸದ ಕಥೆಯೇ. ಸಿಂಹಪುರದ ಪುರೋಹಿತ ಶ್ರೀಭೂತಿ, ಸುಳ್ಳಾಡಿದರೆ ನಾಲಗೆ ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡು ತಿರುಗಿದವನು. ಸಮುದ್ರದತ್ತನೆಂಬ ವ್ಯಾಪಾರಿ ಐದು ರತ್ನಗಳನ್ನು ಅವನಲ್ಲಿಟ್ಟು ದೇಶಾಂತರ ಹೋಗಿ, ಹಡಗೊಡೆದು ಬರಿಗೈಯಲ್ಲಿ ಮರಳಿದಾಗ, ಇವನು ಹುಚ್ಚನೆಂದು ಸಾರಿಬಿಟ್ಟ. ವ್ಯಾಪಾರಿಯ ಹೆಸರು ಪುರಾಣದಿಂದ ಪುರಾಣಕ್ಕೆ ಬದಲಾಗುತ್ತದೆ, ಅವನ ರಾತ್ರಿಯ ಕೂಗು ಬದಲಾಗುವುದಿಲ್ಲ. ರಾಣಿ ರಾಮದತ್ತೆ ಜೂಜಿನ ನೆವದಲ್ಲಿ ಪುರೋಹಿತನ ಗುರುತುಗಳನ್ನು ಗೆದ್ದು, ಅವನ ಹೆಂಡತಿಯಿಂದ ರತ್ನಗಳನ್ನು ತರಿಸುತ್ತಾಳೆ. ರಾಜ ಅವನ್ನು ಬೇರೆ ರತ್ನಗಳೊಡನೆ ಬೆರೆಸಿ ಮುಂದಿಟ್ಟಾಗ ವ್ಯಾಪಾರಿ ತನ್ನವನ್ನು ಮಾತ್ರ ಆರಿಸಿಕೊಳ್ಳುತ್ತಾನೆ. ಕಥೆಯಲ್ಲಿ ಶಿಕ್ಷೆಯ ಭಾಗವೇ ಜನಪ್ರಿಯ. ಆದರೆ ನಿಜವಾದ ಪರೀಕ್ಷೆ ಈ ಆಯ್ಕೆಯದು. ಇಟ್ಟವನ ಪ್ರಾಮಾಣಿಕತೆಯೂ ಅಲ್ಲಿ ತೂಗಲ್ಪಡುತ್ತದೆ.

ಇಂದಿನ ಕಾನೂನು ಇಷ್ಟು ಕಟುವಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 71ನೆಯ ಕಲಮಿನಂತೆ, ಇನ್ನೊಬ್ಬರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನಿಗೆ ನಿಕ್ಷೇಪ ಇಟ್ಟುಕೊಂಡವನಷ್ಟೇ ಹೊಣೆಯಿದೆ. 151ನೆಯ ಕಲಮು ಕೇಳುವುದು ಸಾಮಾನ್ಯ ವಿವೇಕಿಯೊಬ್ಬ ತನ್ನದೇ ಅಂಥ ವಸ್ತುವಿಗೆ ತೋರುವ ಜಾಗ್ರತೆಯನ್ನು ಮಾತ್ರ. ಒಡೆಯನನ್ನು ಪತ್ತೆಹಚ್ಚಲು ತಕ್ಕ ಪ್ರಯತ್ನ ಮಾಡದೆ ಬಳಸಿಕೊಂಡರೆ ಅದು ಅಪರಾಧ. ಹಿಂದಿನ ದಂಡಸಂಹಿತೆಯ 403ನೆಯ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 314ನೆಯದು. ದಂಪತಿಗಳು ಆ ಪ್ರಯತ್ನವನ್ನು ಮಾಡಿದರು. ಹುಡುಗನ ಊರಿನ ವಿಳಾಸಕ್ಕೆ ರಿಜಿಸ್ಟರ್ಡ್ ಪತ್ರ ಹೋಗಿ, ಹಾಗೆಯೇ ಮರಳಿ ಬಂತು. ನೆರೆಯವರ ಎದುರು ಬ್ಯಾಗಿನ ಬಟ್ಟೆ ಎಣಿಸಿ, ಎರಡು ಪ್ರತಿ ಪಟ್ಟಿ ಬರೆದು, ಮರಳಿ ಬಂದ ಲಕೋಟೆಯನ್ನು ಅದಕ್ಕೆ ಲಗತ್ತಿಸಿದರು.

169ನೆಯ ಕಲಮು ಕಳೆದುಹೋದ ವಸ್ತು ಸಿಕ್ಕವನಿಗೆ ಮಾರುವ ಅವಕಾಶವನ್ನೂ ಕೊಡುತ್ತದೆ. ಒಡೆಯ ಸಿಗದಿದ್ದಾಗ ವಸ್ತು ಕೆಟ್ಟುಹೋಗುವಂತಿದ್ದರೆ ಅಥವಾ ಬೆಲೆಯ ಬಹುಪಾಲನ್ನು ಕಳೆದುಕೊಳ್ಳುವಂತಿದ್ದರೆ, ಇಲ್ಲವೇ ಅದಕ್ಕಾದ ನ್ಯಾಯವಾದ ಖರ್ಚು ಬೆಲೆಯ ಮೂರನೆಯ ಎರಡು ಭಾಗ ಮುಟ್ಟಿದರೆ ಮಾರಬಹುದು. ದಾಂಡೇಲಿಯ ಮಳೆಯಲ್ಲಿ ಬಟ್ಟೆಗೆ ಈ ಮಾತು ಒಪ್ಪುವಂತಿದೆ. ಆದರೆ ಆ ಕಲಮು ತನ್ನನ್ನು ‘ಸಾಮಾನ್ಯವಾಗಿ ಮಾರಾಟವಾಗುವ ವಸ್ತು’ವಿಗೆ ಸೀಮಿತಗೊಳಿಸಿಕೊಂಡಿದೆ. ಮನೆಯಲ್ಲಿದ್ದ ನಾಲ್ಕು ತಿಂಗಳಲ್ಲಿ ಹುಡುಗ ಒಮ್ಮೆ ಆ ಟ್ರಂಕಿನಿಂದ ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡನ್ನೂ ತೀರಿಕೊಂಡ ಅಜ್ಜಿಯ ಒಂದು ಫೋಟೊವನ್ನೂ ತೆಗೆದು ಚಿಗವ್ವನಿಗೆ ತೋರಿಸಿದ್ದ. ಪೇಟೆಯಲ್ಲಿ ಅವಕ್ಕೆ ಬೆಲೆಯಿಲ್ಲ, ಆದ್ದರಿಂದ ಮೂರನೆಯ ಎರಡು ಭಾಗವೂ ಇಲ್ಲ. ಸಾಮಾನಿನ ಲಾರಿಯಲ್ಲಿ ಟ್ರಂಕು ಧಾರವಾಡಕ್ಕೆ ಹೋಯಿತು, ಬೀಗದ ಸಮೇತ.