ಮೀನಿಗೂ ಅದೇ ನೀರು, ಮಗಳಿಗೂ ಅದೇ ನೀರು!

ಸಿನಿಮಾದ ಕೊಳ ನೋಡಿದ್ದೀರಲ್ಲ? ನಾಯಕಿ ಇಳೀತಾಳೆ, ಸುತ್ತ ತಾವರೆ, ನೀರು ಕನ್ನಡಿ ಕನ್ನಡಿ! ಹಾಡು ಮುಗಿಯೋವರೆಗೆ ಒಂದೇ ಒಂದು ಮೀನೂ ಆಕೆಯ ಕಾಲು ಮುಟ್ಟೋದಿಲ್ಲ. ಮಲೆನಾಡಿನ ಮೂಲೆಯಲ್ಲಿರೋ ನಮ್ಮ ಹಿತ್ತಲ ಕೆರೆಯಲ್ಲಿ ಅಂಥ ಚಿತ್ರೀಕರಣ ಸಾಧ್ಯವಿಲ್ಲ ಬಿಡಿ. ನೀರು ತಿಳಿಹಸಿರು. ದಡದಲ್ಲಿ ಮಿಂಚುಳ್ಳಿ. ಅಪರೂಪಕ್ಕೆ ಒಂದು ನೀರುಹಾವು. (ವಿಷವಿಲ್ಲ, ಸಿಟ್ಟಿದೆ.)

ಆದರೂ ಈ ಕೆರೆಗೂ ಸಿನಿಮಾಕ್ಕೂ ನಂಟುಂಟು. 1972ರಲ್ಲಿ ಬಂದ 'ಬಂಗಾರದ ಮನುಷ್ಯ' ನೋಡಿ ಊರಿಗೆ ಹಿಂದಿರುಗಿ ಹಾರೆ ಗುದ್ದಲಿ ಹಿಡಿದವರ ಕಥೆ ನೀವೂ ಕೇಳಿರುತ್ತೀರಿ. ನಮ್ಮಪ್ಪ ಆ ಪೈಕಿ. ಅಣ್ಣಾವ್ರು ನೆಲ ಅಗೆದರೆ ನಾನೇನು ಕಮ್ಮಿ ಅಂತ ಅಡಿಕೆ ತೋಟದ ತಲೆಯಲ್ಲಿ ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ, ನಡುವೆ ಒಂದೂವರೆ ಆಳು ಆಳದ ಕೆರೆ ತೋಡಿಸಿದರು. ನೀರು ಬಂತು. ಅಪ್ಪ ಹೋದರು. ಕೆರೆ ಉಳಿಯಿತು.

ಮೀನಿನ ಆಸೆ ನನ್ನ ಹೆಂಡತಿಯದು. "ರೀ, ಸುಮ್ನೆ ಬಿದ್ದಿರೋ ನೀರು. ಮರಿ ಬಿಟ್ರೆ ವರ್ಷಕ್ಕೆ ನಾಲ್ಕು ಕಾಸು ಬರತ್ತೆ" ಅಂದಳು. ತಪ್ಪೇನಿಲ್ಲ, ಲೆಕ್ಕದಲ್ಲಿ ಅವಳು ಯಾವತ್ತೂ ಸೋತವಳಲ್ಲ. ಅಷ್ಟರಲ್ಲಿ ಪಕ್ಕದೂರಿನ ಆ ಸುದ್ದಿ ಬಂತು. ಹನ್ನೊಂದು ವರ್ಷದ ಹುಡುಗ, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡ. ಚೆಂಡು ತೆಗೆಯೋಕೆ ಇಳಿದಿದ್ದ. ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಬೆಳೆದ ಗಂಡಸಿಗೂ ಹತ್ತಿ ಬರೋದು ಕಷ್ಟ. ಬೇಲಿ ಇರಲಿಲ್ಲ, ಇಳಿಬಿಟ್ಟ ಹಗ್ಗವೂ ಇರಲಿಲ್ಲ. ನನ್ನ ಮಗಳ ತರಗತಿಯವನೇ. ಅವಳು ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಬಂದು, "ಅಪ್ಪಾ, ನಂಗೆ ಈಜು ಕಲಿಸು" ಅಂದಳು.

ಅಲ್ಲಿಂದ ಶುರು ನೋಡಿ, ಮನೆಯೊಳಗಿನ ರಾಜಕೀಯ!

ಮೀನು ಸಾಕೋರ ಶಾಸ್ತ್ರವೇ ಬೇರೆ. ಹಸಿ ಸಗಣಿ ಹಾಕು, ನೀರು ಹಸಿರಾಗಲಿ, ಆ ಹಸಿರನ್ನೂ ಅದರಲ್ಲಿ ಹುಟ್ಟೋ ಸಣ್ಣ ಜೀವಿಗಳನ್ನೂ ತಿಂದು ಮೀನು ಕೊಬ್ಬಲಿ ಅಂತಾರೆ. ಈಜೋರಿಗೆ ತಿಳಿನೀರು ಬೇಕು. ಮುಳುಗಿದ ಮಗು ದಡದಿಂದ ಕಾಣಬೇಕಲ್ಲ! ನಗರದಿಂದ ಬಂದ ಭಾವಮೈದ, "ಬ್ಲೀಚಿಂಗ್ ಪೌಡರ್ ಸುರೀರಿ ಭಾವ, ಈಜುಕೊಳದ ಹಾಗೆ ಆಗತ್ತೆ" ಅಂದ. ಆಗತ್ತೆ ನಿಜ, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲತ್ತೆ. ಪಾಚಿಗೆ ಮೈಲುತುತ್ತ ಹಾಕಿದರೂ ಪ್ರಮಾಣ ಚೂರು ತಪ್ಪಿದರೆ ಅದೇ ಗತಿ. ಭಾವಮೈದನಿಗೆ ಕಾಫಿ ಕೊಟ್ಟು ಬಸ್ ಹತ್ತಿಸಿದೆವು.

ಸಗಣಿ ಬೇಡವೇ ಬೇಡ ಅಂತ ನಾನು ಪಟ್ಟು ಹಿಡಿದೆ. ನಮ್ಮ ಕಡೆ ಇಲಿಜ್ವರದ ಭಯ ಇದ್ದದ್ದೇ. ಇಲಿಯ, ದನದ ಉಚ್ಚೆ ಬೆರೆತ ನಿಂತ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಎಮ್ಮೆಗೂ ಕೆರೆ ಬಂದ್, ಗಾಯ ಇದ್ದ ಮಕ್ಕಳಿಗೂ ಬಂದ್, ಸಾಬೂನಿಗಂತೂ ಶಾಶ್ವತ ಬಂದ್. ಎಣ್ಣೆ ಸ್ನಾನ ಮಾಡೋರು ಬಚ್ಚಲಿಗೆ ಹೋಗಲಿ.

ಇನ್ನು ಯಾವ ಮೀನು? ಸಾಮಾನ್ಯ ಗೆಂಡೆ ಬಿಡಿ ಅಂದರು ಕೆಲವರು. ಅದು ತಳದ ಕೆಸರು ಕೆದಕಿ ಕೆದಕಿ ತಿನ್ನೋ ಜಾತಿ, ಇಡೀ ಕೆರೆ ರಾಡಿ. ಮೃಗಾಲ್ ಕೂಡ ತಳದ್ದೇ. ಎರಡನ್ನೂ ಬಿಟ್ಟು ಮೇಲ್ನೀರಿನ ಕಾಟ್ಲಾ, ನಡುನೀರಿನ ರೋಹು, ಕಾಲಿಗೆ ಸುತ್ತೋ ಜೊಂಡು ಮೇಯಲಿ ಅಂತ ಒಂದಿಷ್ಟು ಹುಲ್ಲುಗೆಂಡೆ ತಂದೆ. ಒಟ್ಟು ನೂರು ಮರಿ. "ಇಷ್ಟೇನಾ?" ಅಂದಳು ಹೆಂಡತಿ. ಎರಡು ಗುಂಟೆಯ ನೀರಿಗೆ, ಸಗಣಿಯ ಬಲವಿಲ್ಲದೆ, ಅಷ್ಟು ಸಾಕು. ತುಂಬಿ ತುಳುಕಿದರೆ ಮೋಡದ ದಿನ ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ಇಳಿದು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಅಂಥ ದಿನ ನಮ್ಮ ಪಂಪು ಎತ್ತರದಿಂದ ನೀರು ಸುರಿಯುತ್ತೆ, ಮಕ್ಕಳಿಗೆ ಅದೇ ಜೋಗ!

ಈ ಜಾತಿಗಳು ನಿಂತ ನೀರಲ್ಲಿ ಮರಿ ಹಾಕೋದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಚುಚ್ಚುಮದ್ದು ಕೊಟ್ಟು ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆಮೇಲೆ ನಮ್ಮಂಥವರಿಗೆ ಮರಿ ಸಿಗೋದು ಸುಲಭವಾಯಿತು. ಮರಿ ಬರೋದು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ. ಚೀಲವನ್ನು ಕಾಲು ಗಂಟೆ ಕೆರೆಯಲ್ಲಿ ತೇಲಿಬಿಟ್ಟು, ಒಳಗೂ ಹೊರಗೂ ತಣ್ಣಗಾದ ಮೇಲೆ ಬಾಯಿ ಬಿಚ್ಚಿದಳು ಮಗಳು. ಆ ಎರಡು ದಿನದ ನಂತರ ಅವಳು ನಕ್ಕಿದ್ದು ಆವತ್ತೇ.

ಈಜಿನ ಪಾಠಕ್ಕೆ ಜಂಬಿಟ್ಟಿಗೆಯ ಮೆಟ್ಟಿಲು ಕಟ್ಟಿಸಿದೆ, ಸುತ್ತ ಬೇಲಿ, ಒಂದು ಗೇಟು, ಬೀಗದ ಕೈ ನನ್ನ ಸೊಂಟದಲ್ಲಿ. ದಡದಿಂದ ದಡಕ್ಕೆ ಹಗ್ಗ. ನಮ್ಮ ಕಾಲದಲ್ಲಿ ಬೆನ್ನಿಗೆ ಸೋರೆಬುರುಡೆ, ಈಗ ಮುಚ್ಚಳ ಬಿಗಿದ ಎಣ್ಣೆ ಕ್ಯಾನು. ಮೊದಲು ಮಗಳೊಬ್ಬಳೇ, ಆಮೇಲೆ ಅವಳ ತರಗತಿಯವರು ಆರು ಜನ. ಮೀನು ಕಾಲು ಮುಟ್ಟಿದರೆ ಕಿಟಾರನೆ ಕಿರುಚೋರು. ಶೃಂಗೇರಿಯಲ್ಲಿ ತುಂಗೆಗೆ ಇಳಿದವರ ಕಾಲ ಸುತ್ತ ಎಷ್ಟೆಷ್ಟು ದೊಡ್ಡ ಮೀನು ಓಡಾಡುತ್ತವೆ, ಯಾರನ್ನ ತಿಂದಿವೆ ಅಂತ ಕೇಳಿದೆ. ಸುಮ್ಮನಾದರು. ತೌಡು, ಕಡಲೆಕಾಯಿ ಹಿಂಡಿ ಹಾಕೋದು ಈಜು ಮುಗಿದ ಮೇಲೆ, ಅದೂ ಮೀನು ತಿಂದು ಮುಗಿಸುವಷ್ಟು ಮಾತ್ರ.

ನಾಲ್ಕನೇ ವಾರ ಆ ಹುಡುಗನ ತಾಯಿ ಬಂದರು. ಮಾತಿಲ್ಲ. ಚಿಕ್ಕ ಮಗನ ಕೈ ಹಿಡಿದಿದ್ದರು. ಗೇಟಿನ ಹತ್ತಿರ ಬಹಳ ಹೊತ್ತು ನಿಂತು, "ಇವನಿಗೂ..." ಅಂದರು. ನನ್ನ ಹೆಂಡತಿಯೇ ಹೋಗಿ ಹುಡುಗನ ಕೈ ಹಿಡಿದು ಒಳಗೆ ಕರೆತಂದು ಕ್ಯಾನು ಕಟ್ಟಿದಳು. ಅವತ್ತಿನಿಂದ ಅವಳ ಬಾಯಲ್ಲಿ ಸಗಣಿಯ ಮಾತು ಬಂದಿಲ್ಲ.

ಬೇಸಿಗೆಯಲ್ಲಿ ಬಲೆ ಎಳೆದಾಗ ಸಿಕ್ಕಿದ್ದು ಐವತ್ತೆರಡು ಮೀನು. ಉಳಿದವು ಮಿಂಚುಳ್ಳಿ, ನೀರುಕಾಗೆಗಳ ಪಾಲು ಇರಬೇಕು. ದೊಡ್ಡದೂ ಮುಕ್ಕಾಲು ಕೆ.ಜಿ. ದಾಟಲಿಲ್ಲ. ಈ ಮಳೆಗಾಲಕ್ಕೆ ಮತ್ತೆ ನೂರು ಮರಿ ಅಂತ ನಾನು, ನೂರೈವತ್ತು ಅಂತ ಅವಳು. ಮಾತುಕತೆ ಇನ್ನೂ ನಡೀತಾ ಇದೆ.