ಕಾಣದವರೊಡನೆ ಸಂದರ್ಶನ

‘ಸಂದರ್ಶನ’ವೆಂಬ ಮಾತಿನೊಳಗೆ ದರ್ಶನವಿದೆ. ನನಗೆ ಬಂದ ಕರೆಯಲ್ಲಿ ಮಾತ್ರ ಅದರ ಸುಳಿವಿರಲಿಲ್ಲ. ಗ್ರಾಹಕರ ಅಹವಾಲುಗಳನ್ನು ಫೋನಿನಲ್ಲಿ ಕೇಳಿ ಉತ್ತರಿಸುವ ಕೆಲಸಕ್ಕೆ ಬೆಂಗಳೂರಿನ ಕಂಪನಿಯೊಂದಕ್ಕೆ ಅರ್ಜಿ ಗುಜರಾಯಿಸಿದ್ದೆ. ಗುರುವಾರ ಹನ್ನೊಂದು ಗಂಟೆಗೆ ಫೋನಿನಲ್ಲಿಯೇ ಪರೀಕ್ಷಿಸುವುದಾಗಿ ಅವರು ತಿಳಿಸಿದರು. ಇಸ್ತ್ರಿ ಅಂಗಿಯನ್ನು ಯಾರಿಂದಲಾದರೂ ಕಡ ತರುವ ಕಷ್ಟ ತಪ್ಪಿತೆಂದು ಮೊದಲು ಹಿಗ್ಗಿದೆ. ಅಂಗಿಯೂ ಮುಖವೂ ಲೆಕ್ಕಕ್ಕಿಲ್ಲವೆಂದಮೇಲೆ ದನಿಯೊಂದೇ ಗತಿಯೆಂಬುದು ಆಮೇಲೆ ಹೊಳೆಯಿತು.

ಎಲ್ಲಿ ಕುಳಿತು ಮಾತಾಡುವುದೆಂಬುದೇ ಮೊದಲ ಫಜೀತಿ. ತುಮಕೂರಿನ ಹಾಸ್ಟೆಲಿನಲ್ಲಿ ಬಕೆಟ್ಟುಗಳ ಸಂಗೀತ ನಿಲ್ಲುವುದೇ ಇಲ್ಲ. ಗುಬ್ಬಿಯ ಬಳಿಯ ನಮ್ಮ ಮನೆಯೇನೋ ಪ್ರಶಾಂತ. ಆದರೆ ಅಲ್ಲಿ ಸಿಗ್ನಲ್ ದೊರೆಯುವುದು ತೋಟದ ಮೂಲೆಯ ತೆಂಗಿನಮರದ ಬುಡದಲ್ಲಿ ಮಾತ್ರ. ಯಾವ ಗಳಿಗೆಯಲ್ಲಿ ಕಾಯಿ ಬಿದ್ದೀತೋ ಎಂದು ಮೇಲೆ ನೋಡುತ್ತ ಜೀವನದ ಗುರಿಯನ್ನು ವಿವರಿಸುವುದು ನನ್ನಿಂದಾಗದು. ಕೊನೆಗೆ ಕುಣಿಗಲ್ಲಿನ ಅಕ್ಕನ ಮನೆಯೇ ಸರಿಯೆಂದು ಬುಧವಾರ ಬಸ್ಸು ಹತ್ತಿದೆ. ತೋಟದಲ್ಲಿ ಎರಡು ಕೊಳವೆಬಾವಿ ಒಣಗಿ ಸಾಲ ನಿಂತಿತ್ತು. ಈ ಕೆಲಸ ನನಗೆ ಬೇಕೇ ಬೇಕಾಗಿತ್ತು.

ಗೂಳೂರು ದಾಟಿ ಹೆಬ್ಬೂರು ಬರುವಷ್ಟರಲ್ಲಿ ಫೋನು ಮೊಳಗಿತು. ಕಂಪನಿಯವರೇ! ಈಗಲೇ ಮಾತಾಡಬಹುದೇ ಎಂದರು. ‘ಆಗಬಹುದು ಸಾರ್’ ಎಂದುಬಿಟ್ಟೆ. ಕಂಡಕ್ಟರನ ಸೀಟಿ, ಹಿಂದಿನ ಸೀಟಿನ ಮಗುವಿನ ಅಳು, ಇವುಗಳ ನಡುವೆ ನನ್ನ ಹೆಸರನ್ನು ಮೂರು ಸಲ ಕೂಗಿದೆ. ಬಸ್ಸಿನವರಿಗೆಲ್ಲ ತಿಳಿಯಿತು, ಅವರಿಗೆ ತಿಳಿಯಲಿಲ್ಲ. ಕಡೆಗೆ ಬಸ್ಸಿನಲ್ಲಿದ್ದೇನೆ, ದಯವಿಟ್ಟು ನಾಳೆಯ ಹೊತ್ತಿಗೇ ಮಾಡಿರೆಂದು ಬೇಡಿಕೊಂಡೆ. ‘ಧಾರಾಳವಾಗಿ’ ಎಂದರು. ಮೊದಲೇ ಹೇಳಬಹುದಿತ್ತಲ್ಲ!

ಅಕ್ಕ ಪಿ.ಯು.ಸಿ.ಯಲ್ಲಿ ನನಗಿಂತ ಚೆನ್ನಾಗಿ ಓದಿದವಳು; ಆಮೇಲೆ ಮದುವೆಯಾಯಿತು. ನಮ್ಮ ಮನೆಯಲ್ಲಿ ಇದನ್ನು ಹೀಗೆ ಒಂದೇ ವಾಕ್ಯದಲ್ಲಿ ಹೇಳುವುದು ರೂಢಿ. ಅಂದು ಸಂಜೆ ಅವಳು ಭಾವನ ಫೋನು ಹಿಡಿದು ಹಿತ್ತಲಿಗೆ ಹೋಗಿ, ಅಲ್ಲಿಂದ ನನ್ನನ್ನು ಪರೀಕ್ಷಿಸಿದಳು. ನಾನು ನಾಲ್ಕು ಪುಟ ಉತ್ತರ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಎರಡು ವಾಕ್ಯವಾಗಿರಲಿಲ್ಲ, ‘ಓದ್ತಾ ಇದೀಯ!’ ಎಂದಳು.

1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ನಮ್ಮ ಗುಬ್ಬಿ. ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವವನ ಉಪಕಾರ ನಮಗೆ ಗೊತ್ತಿಲ್ಲದ್ದೇನಲ್ಲ. ರಂಗದ ಮೇಲಾದರೆ ಮರೆತ ನಟನನ್ನು ಕಿರೀಟವೂ ಮೀಸೆಯೂ ಅಷ್ಟಿಷ್ಟು ಕಾಪಾಡುತ್ತವೆ. ಫೋನಿನಲ್ಲಿ ಬರಿಯ ಧ್ವನಿ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವುದೂ ಅದರಲ್ಲಿ ಕೇಳಿಸಿಬಿಡುತ್ತದೆ. ಅಕ್ಕ ನಾಲ್ಕು ಪುಟವನ್ನೂ ಕಿತ್ತು, ಒಂದೇ ಹಾಳೆಯಲ್ಲಿ ಹತ್ತು ಪದ ಬರೆಸಿದಳು. ಅರ್ಜಿಯ ಪ್ರತಿ, ಪೆನ್ನು, ಒಂದು ಲೋಟ ನೀರು ಪಕ್ಕದಲ್ಲಿರಲಿ, ನಿಂತುಕೊಂಡೇ ಮಾತಾಡು, ಉಸಿರು ಸಲೀಸಾಗುತ್ತದೆ ಎಂದಳು.

ಇನ್ನೊಂದು ತೊಡಕನ್ನು ಕಂಡುಹಿಡಿದವಳೂ ಅವಳೇ: ನಾನು ‘ಎಸ್’ ಎಂದರೆ ಅವಳಿಗೆ ‘ಎಫ್’ ಎಂದು ಕೇಳಿಸುತ್ತಿತ್ತು. ತಂತಿಯ ಟೆಲಿಫೋನು ಸಾಗಿಸುತ್ತಿದ್ದುದು ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ಧ್ವನಿಯನ್ನು ಮಾತ್ರ. ‘ಸ’ಕಾರದ ಬುಸುಗುಟ್ಟುವಿಕೆ ಬಹುಪಾಲು ಅದಕ್ಕೂ ಮೇಲಿನದು. ಹೊಸ ಫೋನುಗಳು ಹೆಚ್ಚು ಸಾಗಿಸಬಲ್ಲವಾದರೂ ಪ್ರತಿ ಕರೆಯಲ್ಲೂ ಆ ಭಾಗ್ಯವಿಲ್ಲ. ವಿಮಾನದವರು ಇದಕ್ಕೆಂದೇ 1956ರಿಂದ ಅಕ್ಷರಕ್ಕೊಂದು ಪದ ಇಟ್ಟುಕೊಂಡಿದ್ದಾರೆ. ನಾವೂ ಇಟ್ಟುಕೊಂಡೆವು: ‘ಜಿ’ಗೆ ಗುಬ್ಬಿ, ‘ಕೆ’ಗೆ ಕುಣಿಗಲ್, ‘ಪಿ’ಗೆ ಪಾವಗಡ, ‘ಎಸ್’ಗೆ ಸಿದ್ಧಗಂಗೆ. ‘ಎಫ್’ಗೆ ನಮ್ಮ ಜಿಲ್ಲೆಯಲ್ಲಿ ಊರೇ ಸಿಗದೆ ಫ್ರಾನ್ಸಿಗೆ ಹೋಗಬೇಕಾಯಿತು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಕರೆ ಬಂತು. ಅಕ್ಕ ಕುಕ್ಕರಿನ ಒಲೆ ಆರಿಸಿದಳು. ಸಿದ್ಧಗಂಗೆಯ ಕೃಪೆಯಿಂದ ನನ್ನ ಹೆಸರು ಒಂದೇ ಸಲಕ್ಕೆ ದಾಟಿತು. ಮೊದಲ ಉತ್ತರವಾದಮೇಲೆ ಅತ್ತ ಕಡೆ ಮೌನ. ಎದುರಿಗಿದ್ದರೆ ಅವರು ಬರೆದುಕೊಳ್ಳುತ್ತಿರುವುದು ಕಾಣುತ್ತಿತ್ತು. ನನಗೋ ಉತ್ತರ ತಪ್ಪಾಯಿತೆಂಬ ಭಯ. ಮೌನವನ್ನು ತುಂಬಲು ವಾಲಿಬಾಲಿನ ವಿಚಾರ ತೆಗೆದೆ. ಬಾಗಿಲ ಬಳಿ ನಿಂತಿದ್ದ ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. ಈ ಕೆಲಸವೇ ಏಕೆಂದು ಕೇಳಿದಾಗ ಹಾಳೆಯಲ್ಲಿದ್ದ ‘ಸೇವೆ’ ಎಂಬ ಪದ ಬಿಟ್ಟು, ಮನೆಯಲ್ಲಿ ಸಾಲವಿದೆ, ಕಷ್ಟ ಹೇಳಿಕೊಳ್ಳುವವರ ಮಾತನ್ನು ತಾಳ್ಮೆಯಿಂದ ಕೇಳಬಲ್ಲೆ ಎಂದೆ. ಆಮೇಲೆ, ಊರು ಗೊತ್ತಿಲ್ಲದವನಿಗೆ ತುಮಕೂರಿನಿಂದ ಕುಣಿಗಲ್ಲಿಗೆ ದಾರಿ ಹೇಳೆಂದರು. ಗೂಳೂರು, ಹೆಬ್ಬೂರುಗಳನ್ನು ದಾಟಿಸಿ, ದೊಡ್ಡ ಕೆರೆಯವರೆಗೆ ಕರೆದುಕೊಂಡು ಬಂದೆ.

ಕೊನೆಗೆ, ನಿಮ್ಮ ಪ್ರಶ್ನೆಯೇನಾದರೂ ಇದೆಯೇ ಎಂದರು. ಇರಲಿಲ್ಲ. ಆದರೂ ಬಾಯಿಗೆ ಬಂತು: ‘ಮದುವೆಯಾದ ಹೆಂಗಸರು, ಬರಿಯ ಪಿ.ಯು.ಸಿ. ಆದವರು, ಅರ್ಜಿ ಹಾಕಬಹುದೇ?’ ಹಾಕಬಹುದು, ಮನೆಯಿಂದಲೇ ಮಾಡುವ ಕೆಲಸವೂ ಕೆಲವುಂಟು ಎಂದರು. ನನ್ನನ್ನು ಮುಂದಿನ ವಾರ ಬೆಂಗಳೂರಿಗೆ ಬರಹೇಳಿದರು.

ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕನಿರಲಿಲ್ಲ. ಕುಕ್ಕರಿಗೆ ಒಲೆ ಹೊತ್ತಿಸುತ್ತ, ‘ನನ್ನನ್ನ ಕೇಳದೆ ಯಾಕೆ ಕೇಳ್ದೆ?’ ಎಂದು ಸಿಡುಕಿದಳು. ಊಟದಲ್ಲಿ ಮಾತೇ ಇಲ್ಲ. ಸಂಜೆ ನಾನು ಚೀಲ ಹೆಗಲಿಗೇರಿಸಿ ಹೊರಟಾಗ ಗೇಟಿನವರೆಗೆ ಬಂದು, ಬೀದಿಯ ಕಡೆ ನೋಡುತ್ತ, ‘ಆ ಊರುಗಳ ಹೆಸರು ಬರೆದಿದ್ದ ಹಾಳೆ ಇಲ್ಲೇ ಬಿಟ್ಟು ಹೋಗು’ ಎಂದಳು.